ಯಾರದು? ಎಲ್ಲಿಂದ ಬಂತು?: ಕಿವಿಯೋಲೆಯ ಚರಿತ್ರೆ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಂಬ್ರಿಯಾ ಎಂಬ ಸೀಮೆಯಿದೆ. ಬೆಟ್ಟ, ಸರೋವರ, ಬಿಡದೆ ಸುರಿಯುವ ಮಳೆ, ಎಲ್ಲಿ ನೋಡಿದರೂ ಕುರಿ. ವರ್ಡ್ಸ್‌ವರ್ತ್ ಹುಟ್ಟಿ ಬಾಳಿದ ನೆಲ. ಈ ಸೀಮೆಯ ಎರಡು ಪಟ್ಟಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ದನಕರುಗಳ ಕಿವಿಗೆ ಮನುಷ್ಯ ಏಕೆ ನಂಬರು ಚುಚ್ಚಿದ ಎಂಬುದರ ಅರ್ಧ ಚರಿತ್ರೆ ಸಿಗುತ್ತದೆ.

ಮೊದಲನೆಯದು ಕಡಲಂಚಿನ ವರ್ಕಿಂಗ್‌ಟನ್. 1998ರಲ್ಲಿ ಅಲ್ಲಿ ಬ್ರಿಟಿಷ್ ಕ್ಯಾಟಲ್ ಮೂವ್‌ಮೆಂಟ್ ಸರ್ವಿಸ್ ಎಂಬ ಸರ್ಕಾರಿ ಕಚೇರಿ ಶುರುವಾಯಿತು. ಬ್ರಿಟನ್ನಿನ ಪ್ರತಿಯೊಂದು ದನ ಎಲ್ಲಿ ಹುಟ್ಟಿತು, ಯಾವ ದಿನ ಯಾರ ಕೊಟ್ಟಿಗೆಯಿಂದ ಯಾರ ಕೊಟ್ಟಿಗೆಗೆ ಹೋಯಿತು, ಕೊನೆಗೆ ಎಲ್ಲಿ ಸತ್ತಿತು ಎಂದು ಕಂಪ್ಯೂಟರಿನಲ್ಲಿ ದಾಖಲಿಸುವುದು ಅದರ ಕೆಲಸವಾಗಿತ್ತು. ಎರಡನೆಯದು ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡ ಲಾಂಗ್‌ಟೌನ್. ವರ್ಕಿಂಗ್‌ಟನ್ನಿನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ನಡೆಯುವುದು ಆ ದೇಶದ ಅತಿ ದೊಡ್ಡ ಕುರಿಸಂತೆಗಳಲ್ಲೊಂದು. 2001ರ ಫೆಬ್ರವರಿಯಲ್ಲಿ ಆ ಸಂತೆಗೆ ಸಾವಿರಗಟ್ಟಲೆ ಕುರಿ ಬಂದವು, ಮಾರಾಟವಾದವು, ಲಾರಿ ಹತ್ತಿ ದೇಶದ ನಾಲ್ಕೂ ಕಡೆಗೆ ಹೋದವು. ಅವುಗಳಲ್ಲಿ ಕೆಲವಕ್ಕೆ ಕಾಲುಬಾಯಿ ಜ್ವರವಿತ್ತು. ಯಾವ ಕುರಿ ಎಲ್ಲಿಗೆ ಹೋಯಿತು ಎಂದು ವರ್ಕಿಂಗ್‌ಟನ್ನಿನ ಕಂಪ್ಯೂಟರನ್ನು ಕೇಳುವಂತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ದನಗಳ ವಿಷಯ ಮಾತ್ರ.

ಹಸುವಿಗೆ ಪಾಸ್‌ಪೋರ್ಟ್ ಕೊಟ್ಟಿದ್ದ ದೇಶದಲ್ಲಿ ಕುರಿಗೆ ಒಂದು ನಂಬರೂ ಇರಲಿಲ್ಲವೇಕೆ? ಉತ್ತರ ಸರಳ. ಹಸುವಿನಿಂದ ದೇಶಕ್ಕೆ ಪೆಟ್ಟು ಬಿದ್ದಾಗಿತ್ತು, ಕುರಿಯಿಂದ ಇನ್ನೂ ಬಿದ್ದಿರಲಿಲ್ಲ. ಕಿವಿಯೋಲೆಯ ಚರಿತ್ರೆ ಎಲ್ಲ ದೇಶಗಳಲ್ಲೂ ಸುಮಾರಾಗಿ ಹೀಗೇ ನಡೆದಿದೆ. ಮೊದಲು ಪೆಟ್ಟು, ಆಮೇಲೆ ನಂಬರು.

ಹಳೆಯ ಪ್ರಶ್ನೆ

ಪ್ರಾಣಿಗೆ ಗುರುತು ಹಾಕುವುದು ಹೊಸ ವಿದ್ಯೆಯಲ್ಲ. ಮಹಾಭಾರತದ ಘೋಷಯಾತ್ರೆಯ ಪ್ರಸಂಗ ನೆನಪಿಸಿಕೊಳ್ಳಿ. ವನವಾಸದಲ್ಲಿರುವ ಪಾಂಡವರ ಎದುರು ತನ್ನ ಸಿರಿ ಮೆರೆಸಲು ಹೊರಟ ದುರ್ಯೋಧನ ಅಪ್ಪನ ಮುಂದೆ ಒಡ್ಡಿದ ನೆಪ ಯಾವುದು? ತುರುಪಟ್ಟಿಗಳಿಗೆ ಹೋಗಿ ದನಗಳನ್ನು ಎಣಿಸಬೇಕು, ಕರುಗಳಿಗೆ ಮುದ್ರೆ ಹಾಕಿಸಬೇಕು ಎಂಬುದು. ಧೃತರಾಷ್ಟ್ರ ಒಪ್ಪಿದ. ಎಂದರೆ ಕಾಲಕಾಲಕ್ಕೆ ಎಣಿಕೆ, ಮುದ್ರೆ ನಡೆಸುವುದು ಅರಸುಮನೆಯ ಮಾಮೂಲು ಕೆಲಸವಾಗಿತ್ತು ಎಂದಾಯಿತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಕರು ಹುಟ್ಟಿ ಒಂದೆರಡು ತಿಂಗಳಲ್ಲಿ ಮುದ್ರೆ ಬೀಳಬೇಕು. ಹಾಕಿದ ಮುದ್ರೆ, ಹುಟ್ಟುಗುರುತು, ಮೈಬಣ್ಣ, ಎರಡು ಕೊಂಬುಗಳ ನಡುವಿನ ಅಂತರ, ಇಷ್ಟನ್ನೂ ಪುಸ್ತಕದಲ್ಲಿ ಬರೆಯಬೇಕು. ಇಂದು ರಾಸುವಿಗೆ ವಿಮೆ ಮಾಡಿಸುವಾಗ ತುಂಬುವ ಅರ್ಜಿಯಲ್ಲೂ ಬಣ್ಣ, ಕೊಂಬು, ಗುರುತು ಬರೆಯುವ ಜಾಗ ಇದ್ದೇ ಇರುತ್ತದೆ.

ಈ ಗುರುತುಗಳೆಲ್ಲ ಉತ್ತರಿಸುತ್ತಿದ್ದದ್ದು ಒಂದೇ ಪ್ರಶ್ನೆಗೆ: ಇದು ಯಾರದು? ಆ ಪ್ರಶ್ನೆಯ ತೂಕವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಊರೂರುಗಳ ವೀರಗಲ್ಲುಗಳಲ್ಲಿ ಬಹಳಷ್ಟು ತುರುಗೊಳ್ ಕಲ್ಲುಗಳು. ಕದ್ದೊಯ್ದ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು. ದನವೆಂದರೆ ಆಸ್ತಿ, ಆಸ್ತಿಗೆ ಒಡೆಯ ಬೇಕು, ಒಡೆತನಕ್ಕೆ ಗುರುತು ಬೇಕು.

ಕಂಬ್ರಿಯಾದ ಕುರಿಗಾಹಿಗಳು ಇದೇ ಪ್ರಶ್ನೆಗೆ ಚೆಂದದ ಉತ್ತರ ಕಂಡುಕೊಂಡಿದ್ದರು. ಅಲ್ಲಿನ ಹರ್ಡ್‌ವಿಕ್ ತಳಿಯ ಕುರಿಗಳು ಬೇಲಿಯಿಲ್ಲದ ಬೆಟ್ಟದಲ್ಲಿ ಮೇಯುತ್ತವೆ. ಬೆಟ್ಟದ ಯಾವ ಭಾಗ ತಮ್ಮದು ಎಂದು ತಾಯಿಯ ಹಿಂದೆ ತಿರುಗಿ ಮರಿ ಕಲಿಯುತ್ತದೆ. ಆದರೂ ಒಂದೊಂದು ಕುರಿ ದಾರಿ ತಪ್ಪಿ ಪಕ್ಕದ ಮಂದೆ ಸೇರುವುದುಂಟು. ಅದಕ್ಕೆ ಪ್ರತಿ ಮನೆತನಕ್ಕೂ ಎರಡು ಗುರುತು: ಉಣ್ಣೆಯ ಮೇಲೆ ಇಂಥ ಜಾಗದಲ್ಲಿ ಇಂಥ ಬಣ್ಣದ ಪಟ್ಟಿ, ಕಿವಿಯಲ್ಲಿ ಇಂಥ ಆಕಾರದ ಕತ್ತರಿ ಗುರುತು. 1817ರಲ್ಲಿ ಈ ಗುರುತುಗಳನ್ನೆಲ್ಲ ಸೇರಿಸಿ ಕುರಿಗಾಹಿಗಳ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದರು. ಪುಟ ತೆರೆದರೆ ಕುರಿಯ ಚಿತ್ರ, ಅದರ ಮೇಲೆ ಗುರುತು, ಜೊತೆಗೆ ಒಡೆಯನ ಹೆಸರು. ಆಗಾಗ ಕುರಿಗಾಹಿಗಳು ಒಂದೆಡೆ ಸೇರಿ ತಪ್ಪಿಸಿಕೊಂಡ ಕುರಿಗಳನ್ನು ಅವರವರಿಗೆ ಒಪ್ಪಿಸುತ್ತಿದ್ದರು. ನಮ್ಮ ಕುರಿಗಾಹಿಗಳೂ ಕುರಿಯ ಬೆನ್ನಿಗೆ, ಕೊಂಬಿಗೆ ಬಣ್ಣ ಬಳಿಯುತ್ತಾರೆ. ಪುಸ್ತಕವೊಂದನ್ನು ಬಿಟ್ಟರೆ ವ್ಯವಸ್ಥೆ ಅದೇ.

ಈ ವ್ಯವಸ್ಥೆಯಲ್ಲಿ ಕುರಿಗೆ ಹೆಸರಿಲ್ಲ, ಮಂದೆಗೆ ಮಾತ್ರ ಇದೆ. ಒಂದೊಂದು ಕುರಿಯ ಕತೆ ಬೇರೆ ಬೇರೆಯಾಗಿ ಯಾರಿಗೂ ಬೇಕಿರಲಿಲ್ಲ.

ಪ್ರಶ್ನೆ ಬದಲಾದದ್ದು

1986ರ ನವೆಂಬರಿನಲ್ಲಿ ಬ್ರಿಟನ್ನಿನ ಪಶುವೈದ್ಯ ಪ್ರಯೋಗಾಲಯ ದನಗಳಲ್ಲಿ ಹೊಸದೊಂದು ಮೆದುಳು ರೋಗವನ್ನು ಗುರುತಿಸಿತು. ದನ ತತ್ತರಿಸುತ್ತದೆ, ಬೆದರುತ್ತದೆ, ನಿಲ್ಲಲಾರದೆ ಬೀಳುತ್ತದೆ. ಪತ್ರಿಕೆಗಳು ಇದಕ್ಕೆ ಇಟ್ಟ ಹೆಸರೇ ಜನರ ಬಾಯಲ್ಲಿ ಉಳಿಯಿತು: ಹುಚ್ಚು ಹಸು ರೋಗ. ಕಾರಣ ಮೇವಿನಲ್ಲಿತ್ತು. ಸತ್ತ ಪ್ರಾಣಿಗಳ ಮಾಂಸ ಮೂಳೆಗಳನ್ನು ಪುಡಿ ಮಾಡಿ, ಹುಲ್ಲು ತಿನ್ನುವ ದನಕ್ಕೆ ಪೌಷ್ಟಿಕ ಆಹಾರವೆಂದು ತಿನ್ನಿಸುತ್ತಿದ್ದರು. 1988ರಲ್ಲಿ ಅದನ್ನು ನಿಷೇಧಿಸಿದರು.

ಅದೇ ವರ್ಷ ರೋಗ ಬಂದ ದನಗಳನ್ನು ಕೊಲ್ಲಿಸಿ ಪರಿಹಾರ ಕೊಡುವ ಕ್ರಮವೂ ಜಾರಿಗೆ ಬಂತು. ರೋಗ ಖಚಿತವಾದರೆ ದನದ ಬೆಲೆಯ ಅರ್ಧ ಮಾತ್ರ ಪರಿಹಾರ. ರೈತನ ಜಾಗದಲ್ಲಿ ನಿಂತು ಯೋಚಿಸಿ. ಹಸು ಸ್ವಲ್ಪ ತತ್ತರಿಸುತ್ತಿದೆ. ಅಧಿಕಾರಿಗೆ ತಿಳಿಸಿದರೆ ಅರ್ಧ ಬೆಲೆ, ತಿಳಿಸದೆ ಮಾರಿದರೆ ಪೂರ್ತಿ ಬೆಲೆ. ಪರಿಹಾರವನ್ನು ಪೂರ್ತಿ ಬೆಲೆಗೆ ಏರಿಸಿದ್ದು 1990ರಲ್ಲಿ. ಯಾವ ದಾಖಲೆಯೂ ಅದನ್ನು ಬರೆಯಿಸುವವನ ಪ್ರಾಮಾಣಿಕತೆಯನ್ನು ಮೀರಿ ಸತ್ಯವಾಗಿರಲಾರದು, ಪ್ರಾಮಾಣಿಕತೆಗೆ ದಂಡ ಹಾಕುವ ನಿಯಮ ದಾಖಲೆಯನ್ನೇ ಕೆಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದೇ 1990ರಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ದನದ ಮಾಂಸದಿಂದ ಯಾವ ಅಪಾಯವೂ ಇಲ್ಲವೆಂದು ತೋರಿಸಲು ಕ್ಯಾಮೆರಾಗಳ ಎದುರು ತಮ್ಮ ಪುಟ್ಟ ಮಗಳಿಗೆ ಬರ್ಗರ್ ಕೊಡಲು ಹೋದರು. ಆರು ವರ್ಷ ಕಳೆದ ಮೇಲೆ, 1996ರ ಮಾರ್ಚ್ 20ರಂದು, ಅದೇ ಪಕ್ಷದ ಆರೋಗ್ಯ ಸಚಿವ ಸ್ಟೀಫನ್ ಡೊರೆಲ್ ಸಂಸತ್ತಿನಲ್ಲಿ ಬೇರೆಯೇ ಮಾತು ಹೇಳಬೇಕಾಯಿತು. ಯುವಕರಲ್ಲಿ ಕಾಣಿಸಿಕೊಂಡಿರುವ ಹೊಸ ಬಗೆಯ ಮೆದುಳು ರೋಗಕ್ಕೂ ಹುಚ್ಚು ಹಸು ರೋಗಕ್ಕೂ ಸಂಬಂಧ ಇರುವ ಸಂಭವವೇ ಹೆಚ್ಚು ಎಂದು. ಒಂದೇ ವಾರದಲ್ಲಿ ಯುರೋಪಿನ ಒಕ್ಕೂಟ ಬ್ರಿಟಿಷ್ ದನದ ಮಾಂಸದ ರಫ್ತನ್ನು ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಆ ರೋಗದಿಂದ ಬ್ರಿಟನ್ನಿನಲ್ಲಿ ಸತ್ತವರು 178 ಜನ.

ಈಗ ಪ್ರಶ್ನೆಯೇ ಬದಲಾಯಿತು. 30 ತಿಂಗಳಿಗಿಂತ ದೊಡ್ಡ ದನವನ್ನು ಊಟಕ್ಕೆ ಬಳಸುವಂತಿಲ್ಲ ಎಂಬ ನಿಯಮ ಬಂತು. ಎದುರಿಗೆ ನಿಂತ ದನಕ್ಕೆ ಎಷ್ಟು ತಿಂಗಳು? ನಮ್ಮ ಸಂತೆಗಳಲ್ಲಿ ಮಾಡುವಂತೆ ಬಾಯಿ ತೆರೆಸಿ ಹಲ್ಲು ನೋಡಿದರೆ ಸುಮಾರು ವಯಸ್ಸು ಗೊತ್ತಾಗುತ್ತದೆ. ಆದರೆ ಸಾಲಿನ ಇನ್ನೊಂದು ತುದಿಯಲ್ಲಿ ತಟ್ಟೆಯ ಮುಂದೆ ಕೂತವರಿಗೆ ‘ಸುಮಾರು’ ಸಾಲದು. ಅವರಿಗೆ ಹುಟ್ಟಿದ ತಾರೀಖು ಬೇಕು, ಬೆಳೆದ ಊರು ಬೇಕು. 1996ರ ಜುಲೈ 1ರಿಂದ ಬ್ರಿಟನ್ನಿನಲ್ಲಿ ಹುಟ್ಟುವ ಪ್ರತಿ ಕರುವಿಗೂ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಕಿವಿಗೆ ನಂಬರಿನ ಓಲೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ, ತಳಿ, ತಾಯಿಯ ನಂಬರು, ಸಾಕಿದ ಒಬ್ಬೊಬ್ಬರ ಹೆಸರು. ಎರಡು ವರ್ಷದ ಬಳಿಕ ಇದೆಲ್ಲ ವರ್ಕಿಂಗ್‌ಟನ್ನಿನ ಕಂಪ್ಯೂಟರಿಗೆ ಸೇರತೊಡಗಿತು. ದನ ಕೈ ಬದಲಾದರೆ ಕೊಟ್ಟವನೂ ತಿಳಿಸಬೇಕು, ಕೊಂಡವನೂ ತಿಳಿಸಬೇಕು.

‘ಯಾರದು?’ ಎಂಬುದು ಒಡೆಯನ ಪ್ರಶ್ನೆ. ‘ಎಲ್ಲಿಂದ ಬಂತು?’ ಎಂಬುದು ತಿನ್ನುವವನ ಪ್ರಶ್ನೆ. ಮೊದಲನೆಯದಕ್ಕೆ ಒಂದು ಗುರುತು ಸಾಕು. ಎರಡನೆಯದಕ್ಕೆ ಒಂದು ಜೀವಮಾನದ ಕತೆ ಬೇಕು.

ಅಣುಬಾಂಬಿನ ಊರಿನಲ್ಲಿ ಹಸುವಿನ ಚಿಪ್

ಈ ಕತೆಯನ್ನು ಕಾಗದ ಪೆನ್ನು ಬಿಟ್ಟು ರೇಡಿಯೋ ಅಲೆಯಲ್ಲಿ ಬರೆಯುವ ವಿದ್ಯೆ ಅಷ್ಟರಲ್ಲಿ ಸಿದ್ಧವಾಗಿತ್ತು. ಅದು ಹುಟ್ಟಿದ್ದು ಅಮೆರಿಕದ ಲಾಸ್ ಅಲಮೋಸ್‌ನಲ್ಲಿ, ಮೊದಲ ಅಣುಬಾಂಬು ತಯಾರಾದ ಅದೇ ಪ್ರಯೋಗಾಲಯದಲ್ಲಿ. 1970ರ ದಶಕದಲ್ಲಿ ಅಲ್ಲಿಯವರಿಗೆ ಎರಡು ಕೆಲಸ ಬಂದವು. ಒಂದು, ಅಣುವಸ್ತು ಸಾಗಿಸುವ ಲಾರಿಗಳನ್ನು ದೂರದಿಂದಲೇ ಗುರುತಿಸುವುದು. ಇನ್ನೊಂದು ಕೃಷಿ ಇಲಾಖೆ ಕೇಳಿದ್ದು: ಮಂದೆಯಲ್ಲಿ ಈ ಹಸು ಯಾವುದು, ಅದರ ಮೈ ಬಿಸಿ ಎಷ್ಟು ಎಂದು ಹಿಡಿದು ನಿಲ್ಲಿಸದೆಯೇ ತಿಳಿಯಬೇಕು. ಜ್ವರ ಬಂದದ್ದು ಬೇಗ ಗೊತ್ತಾದರೆ ರೋಗ ಹರಡುವುದನ್ನು ತಡೆಯಬಹುದು, ಒಂದೇ ಹಸುವಿಗೆ ಎರಡು ಸಲ ಔಷಧಿ ಕೊಡುವುದೂ ತಪ್ಪುತ್ತದೆ.

ಬ್ಯಾಟರಿ ಇಟ್ಟರೆ ಅದು ಮುಗಿಯುತ್ತದೆ. ಹಸು ಹೊತ್ತು ತಿರುಗುವ ವಸ್ತು ಚಿಕ್ಕದಾಗಿರಬೇಕು, ವರ್ಷಗಟ್ಟಲೆ ಬಾಳಬೇಕು. ಆಲ್ಫ್ರೆಡ್ ಕೊಯೆಲ್, ಸ್ಟೀವನ್ ಡೆಪ್, ರಾಬರ್ಟ್ ಫ್ರೈಮನ್ ಎಂಬ ಮೂವರು ಇದಕ್ಕೆ ಕಂಡುಕೊಂಡ ದಾರಿಯನ್ನು 1975ರಲ್ಲಿ ಪ್ರಕಟಿಸಿದರು. ಟ್ಯಾಗಿನಲ್ಲಿ ಶಕ್ತಿಯೇ ಬೇಡ. ಓದುವ ಯಂತ್ರ ರೇಡಿಯೋ ಅಲೆ ಕಳಿಸುತ್ತದೆ. ಟ್ಯಾಗು ಆ ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಯನ್ನು ತನ್ನ ನಂಬರಿಗೆ ತಕ್ಕಂತೆ ಏರಿಳಿಸಿ ಹಿಂದಕ್ಕೆ ಹೊಳೆಯಿಸುತ್ತದೆ. ಬಿಸಿಲಿಗೆ ಕನ್ನಡಿ ಹಿಡಿದು ದೂರದವರಿಗೆ ಸನ್ನೆ ಮಾಡುವ ಹುಡುಗರಂತೆ.

ಈ ಉಪಾಯಕ್ಕೆ ಒಬ್ಬ ಪೋಲಿ ಪೂರ್ವಜನೂ ಇದ್ದಾನೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಉಡುಗೊರೆಯಾಗಿ ಕೊಟ್ಟರು. ಅದು ರಾಯಭಾರಿಯ ಗೋಡೆಯ ಮೇಲೆ ಏಳು ವರ್ಷ ತೂಗಾಡಿತು. ಒಳಗೆ ಲೆವ್ ಟೆರ್ಮೆನ್ ಎಂಬ ವಿಜ್ಞಾನಿ ರೂಪಿಸಿದ ಕದ್ದಾಲಿಸುವ ಸಾಧನವಿತ್ತು. ಅದರಲ್ಲೂ ಬ್ಯಾಟರಿ ಇರಲಿಲ್ಲ. ಹೊರಗಿನಿಂದ ಅಲೆ ಬಿದ್ದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು.

ಲಾಸ್ ಅಲಮೋಸ್‌ನ ಕೆಲಸ ಮುಂದೆ ಎರಡು ಕವಲಾಯಿತು. ಅಲ್ಲಿಂದ ಹೊರಬಿದ್ದ ವಿಜ್ಞಾನಿಗಳು 1980ರ ದಶಕದಲ್ಲಿ ಅದನ್ನು ಹೆದ್ದಾರಿಯ ಟೋಲ್ ವಸೂಲಿಗೆ ಒಗ್ಗಿಸಿದರು. ಮುಂಬೈ ಪುಣೆ ದಾರಿಯಲ್ಲಿ ನಿಮ್ಮ ಕಾರಿನ ಗಾಜಿನ ಮೇಲೆ ಅಂಟಿಕೊಂಡಿರುವ ಫಾಸ್ಟ್ಯಾಗ್ ಅದೇ ವಂಶದ್ದು. ಜಾನುವಾರುಗಳ ಕವಲು ಕಡಿಮೆ ಕಂಪನದ ಅಲೆಗಳ ಕಡೆಗೆ ಹೊರಳಿತು. ಹೆಚ್ಚು ಕಂಪನದ ಅಲೆಯನ್ನು ಮೈಯಲ್ಲಿರುವ ನೀರು ನುಂಗಿಬಿಡುತ್ತದೆ, ಕಡಿಮೆ ಕಂಪನದ ಅಲೆ ಮಾಂಸ, ಕೆಸರು, ಸಗಣಿ ಎಲ್ಲವನ್ನೂ ದಾಟುತ್ತದೆ. ಆದರೆ ದೂರ ಹೋಗುವುದಿಲ್ಲ. ಯಂತ್ರವನ್ನು ಕಿವಿಯ ಹತ್ತಿರಕ್ಕೆ ಒಯ್ಯಬೇಕು.

ಮೊದಲು ಇದನ್ನು ದುಡ್ಡು ಕೊಟ್ಟು ಕೊಂಡವರು ಹಾಲಿನ ರೈತರು. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಲ್ಲೇ ಹಸುವಿನ ಕೊರಳಪಟ್ಟಿಗೆ ಇಂಥ ಟ್ಯಾಗು ಕಟ್ಟಿದರು. ಹಸು ಗೋದಲಿಗೆ ತಲೆ ಹಾಕಿದರೆ ಯಂತ್ರಕ್ಕೆ ಅದು ಯಾರೆಂದು ತಿಳಿಯುತ್ತದೆ, ಅದರ ಹಾಲಿಗೆ ತಕ್ಕಷ್ಟು ಹಿಂಡಿ ಬೀಳುತ್ತದೆ. ಯಾವ ಕಾನೂನಿನ ಬಲವಂತವೂ ಇರಲಿಲ್ಲ. ಹಿಂಡಿ ಉಳಿಯುತ್ತಿತ್ತು, ಆದ್ದರಿಂದ ಕಟ್ಟಿದರು.

ಒಬ್ಬೊಬ್ಬ ತಯಾರಕನದು ಒಂದೊಂದು ಬಗೆ ಎಂಬ ಗೊಂದಲ ನಿಂತದ್ದು 1996ರಲ್ಲಿ. ಆ ವರ್ಷ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 11784, 11785 ಎಂಬ ಎರಡು ಮಾನಕಗಳನ್ನು ಗೊತ್ತುಮಾಡಿತು. ಕಂಪನ 134.2 ಕಿಲೋಹರ್ಟ್ಸ್. ನಂಬರಿನಲ್ಲಿ 15 ಅಂಕಿ. ಮೊದಲ 3 ದೇಶದ್ದು, ಬ್ರಿಟನ್ನಿಗೆ 826, ಭಾರತಕ್ಕೆ 356. ಉಳಿದ 12 ಪ್ರಾಣಿಯದು. ಇದರಲ್ಲಿ ಒಂದೊಂದು ದೇಶ 27,000 ಕೋಟಿಗೂ ಹೆಚ್ಚು ಪ್ರಾಣಿಗಳಿಗೆ ಬೇರೆ ಬೇರೆ ನಂಬರು ಕೊಡಬಹುದು. ಹುಚ್ಚು ಹಸು ರೋಗದ ಸುದ್ದಿ ಸ್ಫೋಟಿಸಿದ ವರ್ಷ, ಬ್ರಿಟನ್ನಿನಲ್ಲಿ ಪಾಸ್‌ಪೋರ್ಟ್ ಬಂದ ವರ್ಷ, ಈ ಮಾನಕ ಬಂದ ವರ್ಷ ಮೂರೂ ಒಂದೇ. ಉಪಕರಣ ಇತ್ತು, ಅಗತ್ಯವೂ ಕಂಡಿತ್ತು. ಆದರೂ ಕುರಿಯ ಕಿವಿಗೆ ಅದು ಬರಲಿಲ್ಲ.

2001

ಆ ಫೆಬ್ರವರಿಯ 19ರಂದು ಎಸೆಕ್ಸ್‌ನ ಒಂದು ಕಸಾಯಿಖಾನೆಯಲ್ಲಿ ಹಂದಿಗಳ ಮೈಮೇಲೆ ಬೊಬ್ಬೆಗಳು ಕಂಡವು. ಮರುದಿನ ಖಚಿತವಾಯಿತು: ಕಾಲುಬಾಯಿ ಜ್ವರ. ವೈರಸ್ಸು ಏಷ್ಯಾದಿಂದ ಹೊರಟಿದ್ದ ಬಗೆ. ಅದನ್ನು ಮೊದಲು ಗುರುತಿಸಿದ್ದು 1990ರಲ್ಲಿ, ಉತ್ತರ ಭಾರತದಲ್ಲಿ. ಹತ್ತು ವರ್ಷಗಳಲ್ಲಿ ಅದು ಕೊರಿಯಾ, ಜಪಾನು, ದಕ್ಷಿಣ ಆಫ್ರಿಕಾಗಳನ್ನು ಮುಟ್ಟಿ ಇಲ್ಲಿಗೆ ಬಂದಿತ್ತು.

ಜಾಡು ಹಿಡಿದು ಹೋದವರಿಗೆ ಬೇರು ಸಿಕ್ಕಿದ್ದು ನಾರ್ತಂಬರ್ಲೆಂಡಿನ ಒಂದು ಹಂದಿ ಸಾಕಣೆಯಲ್ಲಿ. ಅಲ್ಲಿನ ಹಂದಿಗಳಿಗೆ ಮುಸುರೆ ಹಾಕುತ್ತಿದ್ದರು. ಅಲ್ಲಿಂದ ರೋಗ ಗಾಳಿಯಲ್ಲಿ ಹತ್ತಿರದ ಕುರಿಗಳಿಗೆ ತಗುಲಿತ್ತು. ಆ ಕುರಿಗಳು ಫೆಬ್ರವರಿ 13ಕ್ಕೆ ಹೆಕ್ಸಮ್ ಸಂತೆಗೆ ಹೋದವು, ಅಲ್ಲಿಂದ ಲಾಂಗ್‌ಟೌನ್ ಸಂತೆಗೆ. ಹಂದಿಗೆ ಈ ರೋಗ ಬಂದರೆ ಎದ್ದು ಕಾಣುತ್ತದೆ. ಕುರಿಗೆ ಬಂದರೆ ಸ್ವಲ್ಪ ಕುಂಟುತ್ತದೆ, ಅಷ್ಟೇ. ಯಾರೂ ಗಮನಿಸಲಿಲ್ಲ. ಕುರಿ ವ್ಯಾಪಾರಿಗಳು ಒಂದು ಸಂತೆಯಲ್ಲಿ ಕೊಂಡದ್ದನ್ನು ಇನ್ನೊಂದರಲ್ಲಿ ಮಾರುತ್ತಿದ್ದರು. ಮೂರು ಮಂದೆಗಳನ್ನು ಸೇರಿಸಿ ಒಂದು, ಒಂದನ್ನು ಒಡೆದು ಐದು. ಎಸೆಕ್ಸ್‌ನಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ 57ಕ್ಕೂ ಕಡಿಮೆಯಿಲ್ಲದಷ್ಟು ಕಡೆ ಅದು ಬೇರೂರಿತ್ತು ಎಂದು ಆಮೇಲಿನ ವಿಚಾರಣೆ ಹೇಳಿತು. ಪ್ರಾಣಿಗಳ ಓಡಾಟವನ್ನು ದೇಶಾದ್ಯಂತ ನಿಲ್ಲಿಸಿದ್ದು 23ರಂದು. ಅದಕ್ಕೆ ಹಿಂದಿನ ದಿನ ಲಾಂಗ್‌ಟೌನಿನಲ್ಲಿ ಇನ್ನೊಂದು ಸಂತೆ ನಡೆದು ಮುಗಿದಿತ್ತು.

ಒಂದು ಕುರಿ ಎಲ್ಲಿ ಹೋಯಿತೆಂದು ಪತ್ತೆ ಹಚ್ಚಬೇಕಾದರೆ ಅಧಿಕಾರಿಗಳು ವ್ಯಾಪಾರಿಯ ಪುಸ್ತಕ, ಲಾರಿ ಚಾಲಕನ ನೆನಪು, ಸಂತೆಯ ರಸೀದಿ ಹುಡುಕಬೇಕಿತ್ತು. ರಸೀದಿಯಲ್ಲಿ ಇಷ್ಟು ಕುರಿ ಎಂದು ಇರುತ್ತಿತ್ತು, ಯಾವ ಕುರಿ ಎಂದು ಇರುತ್ತಿರಲಿಲ್ಲ. ಯಾವುದಕ್ಕೆ ಸೋಂಕು ಎಂದು ಗೊತ್ತಾಗದಿದ್ದಾಗ ಉಳಿಯುವ ದಾರಿ ಒಂದೇ, ಎಲ್ಲವನ್ನೂ ಕೊಲ್ಲುವುದು. ರೋಗ ಬಂದ ಹೊಲದ ಸುತ್ತಲಿನ ಹೊಲಗಳಲ್ಲಿದ್ದ ಆರೋಗ್ಯವಂತ ಪ್ರಾಣಿಗಳನ್ನೂ ಕೊಂದರು. ಸೇನೆಯನ್ನು ಕರೆಸಿದರು. ಕಂಬ್ರಿಯಾದ ಗ್ರೇಟ್ ಆರ್ಟನ್ ಎಂಬಲ್ಲಿನ ಹಳೆಯ ವಿಮಾನ ನಿಲ್ದಾಣದಲ್ಲಿ 4 ಲಕ್ಷಕ್ಕೂ ಹೆಚ್ಚು ಹೆಣಗಳನ್ನು ಹೂತರು. ಮೇ ತಿಂಗಳಲ್ಲಿ ನಡೆಯಬೇಕೆಂದಿದ್ದ ಚುನಾವಣೆ ಜೂನ್ 7ಕ್ಕೆ ಹೋಯಿತು.

ಡೆವನ್ನಿನ ಒಂದು ಹೊಲದಲ್ಲಿ ಕೊಂದು ಹಾಕಿದ ದನಗಳ ನಡುವೆ ಒಂದು ಬಿಳಿ ಕರು ಐದು ದಿನದ ಮೇಲೂ ಬದುಕಿತ್ತು. ಫೀನಿಕ್ಸ್ ಎಂದು ಹೆಸರಿಟ್ಟರು, ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದೇ ಹೊತ್ತಿಗೆ ಸರ್ಕಾರ ಆರೋಗ್ಯವಂತ ದನಗಳನ್ನು ಕೊಲ್ಲುವ ನಿಯಮವನ್ನು ಸಡಿಲಿಸಿತು. ಕರು ಉಳಿಯಿತು. ಅದನ್ನು ಉಳಿಸಿದ್ದು ನಂಬರಲ್ಲ, ಹೆಸರು.

ಕೊನೆಯ ಪ್ರಕರಣ ಪತ್ತೆಯಾದದ್ದು ಸೆಪ್ಟೆಂಬರ್ 30ರಂದು, ಅದೂ ಕಂಬ್ರಿಯಾದಲ್ಲೇ. ರೋಗ ಬಂದ ಹೊಲಗಳು 2,026. ಅವುಗಳಲ್ಲಿ ಐದಕ್ಕೆ ಎರಡಕ್ಕಿಂತ ಹೆಚ್ಚು ಕಂಬ್ರಿಯಾದವು. ಕೊಂದ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು, ಬಹುಪಾಲು ಕುರಿಗಳು. ಸರ್ಕಾರದ ಖರ್ಚು 300 ಕೋಟಿ ಪೌಂಡ್ ದಾಟಿತು.

ಕಾಲುಬಾಯಿ ಜ್ವರ ನಮ್ಮ ಹಳ್ಳಿಗಳಿಗೆ ಹೊಸತಲ್ಲವಲ್ಲ, ಇಷ್ಟಕ್ಕೆ ಇಷ್ಟೊಂದು ಕೊಲೆಯೇ ಎಂದು ಓದುಗರಿಗೆ ಅನಿಸಬಹುದು. ಬೆಳೆದ ದನ ಹೆಚ್ಚಾಗಿ ಈ ರೋಗದಿಂದ ಚೇತರಿಸಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ಲಸಿಕೆಯೂ ಇದೆ. ಆದರೆ ‘ಲಸಿಕೆಯಿಲ್ಲದೆ ರೋಗಮುಕ್ತ’ ಎಂಬ ಪಟ್ಟವಿದ್ದರೆ ಮಾತ್ರ ಮಾಂಸ ಒಳ್ಳೆಯ ಬೆಲೆಗೆ ಹೊರದೇಶಕ್ಕೆ ಹೋಗುತ್ತದೆ. ಆ ಪಟ್ಟ ಉಳಿಸಿಕೊಳ್ಳಲು ಲಸಿಕೆ ಬಿಟ್ಟು ಕೊಲೆಯ ದಾರಿ ಹಿಡಿದರು.

ಕುರಿಯ ಸರದಿ

ಪೆಟ್ಟು ಬಿತ್ತು, ನಂಬರು ಬಂತು. 2003ರ ಡಿಸೆಂಬರಿನಲ್ಲಿ ಯುರೋಪಿನ ಒಕ್ಕೂಟ ಕುರಿ ಮೇಕೆಗಳ ಗುರುತಿಗೆ ಹೊಸ ಕಾನೂನು ಮಾಡಿತು. 2009ರ ಕೊನೆಯ ದಿನದಿಂದ ಹೊಸದಾಗಿ ಹುಟ್ಟುವ ಕುರಿಗಳಿಗೆ ಎಲೆಕ್ಟ್ರಾನಿಕ್ ಓಲೆ. ಇಡೀ ದೇಶದಲ್ಲಿ ಕುರಿ ಮೇಕೆ ಸೇರಿ 6 ಲಕ್ಷಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ.

ಕುರಿಗಾಹಿಗಳು ಸಿಟ್ಟಾದರು, ಅದಕ್ಕೆ ಕಾರಣವೂ ಇತ್ತು. ಹಸುವಿನ ಬೆಲೆಯಲ್ಲಿ ಓಲೆಯ ಬೆಲೆ ಕಾಣುವುದಿಲ್ಲ, ಕುರಿಯ ಬೆಲೆಯಲ್ಲಿ ಕಾಣುತ್ತದೆ. ಬೇಲಿಗೆ, ಪೊದೆಗೆ ಸಿಕ್ಕಿ ಓಲೆ ಕಿತ್ತುಹೋಗುತ್ತದೆ, ಕಿವಿ ಹರಿಯುತ್ತದೆ. ನೂರಾರು ಕುರಿ ಒಟ್ಟಿಗೆ ನುಗ್ಗುವಾಗ ಯಂತ್ರ ಒಂದೆರಡನ್ನು ಓದದೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಸರ್ಕಾರದ ಸಹಾಯಧನದಲ್ಲಿ ಕಡಿತ. ಜರ್ಮನಿಯ ಕುರಿ ಸಾಕಣೆದಾರರೊಬ್ಬರು, ಇದು ತಮ್ಮ ಕಸುಬಿನ ಸ್ವಾತಂತ್ರ್ಯಕ್ಕೆ ಅಡ್ಡಿ, ಸಣ್ಣ ಮಂದೆಯ ದೇಶಗಳಿಗೆ ವಿನಾಯಿತಿ ಕೊಟ್ಟು ನಮಗೆ ಕೊಡದಿರುವುದು ತಾರತಮ್ಯ ಎಂದು ಮೊಕದ್ದಮೆ ಹೂಡಿದರು. ಅದು ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2013ರ ಅಕ್ಟೋಬರಿನಲ್ಲಿ ತೀರ್ಪು ಬಂತು: ಹೊರೆ ಇದೆ, ಆದರೆ ರೋಗ ತಡೆಯುವ ಉದ್ದೇಶಕ್ಕೆ ಹೋಲಿಸಿದರೆ ಅದು ಅತಿಯಲ್ಲ.

ಬ್ರಿಟನ್ನಿನಲ್ಲಿ ಜಗಳವನ್ನು ತಣಿಸಿದ್ದು ತೀರ್ಪಿಗಿಂತ ಹೆಚ್ಚಾಗಿ ಒಂದು ಸಣ್ಣ ಏರ್ಪಾಡು. ಪ್ರತಿ ರೈತನೂ ಓದುವ ಯಂತ್ರ ಕೊಳ್ಳಬೇಕಿಲ್ಲ, ಸಂತೆ ಮತ್ತು ಕಸಾಯಿಖಾನೆಗಳೇ ಕುರಿ ಬಂದಾಗ ಓಲೆ ಓದಿ ರೈತನಿಗೆ ಪಟ್ಟಿ ಕೊಡಬಹುದು ಎಂದಾಯಿತು. ಕುರಿಗಳೆಲ್ಲ ಹಾದುಹೋಗುವ ಬಾಗಿಲಿನಲ್ಲಿ ಯಂತ್ರ ನಿಂತಿತು, ಹೊರೆ ಅಷ್ಟರಮಟ್ಟಿಗೆ ಇಳಿಯಿತು.

ಬೇರೆ ದೇಶಗಳ ಕತೆ ಚುಟುಕಾಗಿ ಹೇಳಬಹುದು. ಆಸ್ಟ್ರೇಲಿಯಾದಲ್ಲಿ ದನದ ಬಾಲಕ್ಕೆ ಹೊಲದ ಸಂಕೇತವಿರುವ ಪಟ್ಟಿ ಕಟ್ಟುವ ಪದ್ಧತಿ ಮೊದಲೇ ಇತ್ತು. ಕಂದುರೋಗ, ಕ್ಷಯಗಳನ್ನು ದನಗಳಿಂದ ತೊಲಗಿಸಲು ಅದನ್ನೇ ಬಳಸಿದ್ದರು. ಯುರೋಪಿನ ಮಾರುಕಟ್ಟೆ ಕೇಳಿತೆಂದು 1999ರಲ್ಲಿ ಎಲೆಕ್ಟ್ರಾನಿಕ್ ಓಲೆ ತಂದರು, 2005ಕ್ಕೆ ದೇಶದ ಎಲ್ಲ ದನಗಳಿಗೂ ಕಡ್ಡಾಯವಾಯಿತು. ರಫ್ತೇ ಬದುಕಾದ ದೇಶದಲ್ಲಿ ರೈತರು ಗೊಣಗಿದರೂ ಒಪ್ಪಿದರು. ವಿದ್ಯೆ ಹುಟ್ಟಿದ ಅಮೆರಿಕದಲ್ಲೇ ಒಪ್ಪಲಿಲ್ಲ. 2003ರ ಡಿಸೆಂಬರಿನಲ್ಲಿ ಅಲ್ಲಿ ಹುಚ್ಚು ಹಸು ಸಿಕ್ಕ ಮೇಲೆ 2004ರಲ್ಲಿ ರಾಷ್ಟ್ರಮಟ್ಟದ ಯೋಜನೆಯೊಂದನ್ನು ಘೋಷಿಸಿದರು. ಸಣ್ಣ ರೈತರು ಖರ್ಚಿಗೆ ಹೆದರಿದರು, ದೊಡ್ಡವರು ಸರ್ಕಾರಕ್ಕೆ ತಮ್ಮ ಲೆಕ್ಕ ಕೊಡಲು ಒಲ್ಲೆ ಎಂದರು, ಕೆಲವರು ಧರ್ಮದ ಕಾರಣಕ್ಕೆ ಬೇಡವೆಂದರು. 2010ರಲ್ಲಿ ಅದನ್ನು ಕೈಬಿಟ್ಟರು. ರಾಜ್ಯದ ಗಡಿ ದಾಟುವ ಕೆಲವು ಬಗೆಯ ದನಗಳಿಗೆ ಎಲೆಕ್ಟ್ರಾನಿಕ್ ಓಲೆ ಕಡ್ಡಾಯವಾದದ್ದು 2024ರ ನವೆಂಬರಿನಲ್ಲಿ, ಲಾಸ್ ಅಲಮೋಸ್‌ನ ಪ್ರಬಂಧ ಪ್ರಕಟವಾಗಿ ಸುಮಾರು ಐವತ್ತು ವರ್ಷದ ಮೇಲೆ.

ಹಳದಿ ಓಲೆ

ಈಗ ನಮ್ಮ ಮಾತು. ನೀವು ದೆಹಲಿಯಲ್ಲಿರಿ, ಹೈದರಾಬಾದಿನಲ್ಲಿರಿ, ಬೀದಿಯಲ್ಲಿ ಅಡ್ಡ ಬರುವ ಹಸುವಿನ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಬಿಲ್ಲೆಯನ್ನು ನೋಡಿರುತ್ತೀರಿ. ಅದರಲ್ಲಿ 12 ಅಂಕಿ, ಒಂದು ಬಾರ್‌ಕೋಡ್. ನಮ್ಮ ಆಧಾರ್ ನಂಬರಿಗೂ 12 ಅಂಕಿಯೇ ಆದ್ದರಿಂದ ಜನ ಇದನ್ನು ಪಶು ಆಧಾರ್ ಎಂದರು. ಒಳಗೆ ಚಿಪ್ ಇಲ್ಲ, ರೇಡಿಯೋ ಇಲ್ಲ. ಕಣ್ಣಿನಿಂದ, ಇಲ್ಲವೇ ಮೊಬೈಲ್ ಕ್ಯಾಮೆರಾದಿಂದ ಓದಬೇಕು. ಓದಿದ ಮೇಲೆ ದಾಖಲೆ ಸೇರುವುದು ಕಂಪ್ಯೂಟರಿಗೆ. ಮೊದಲು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಕಟ್ಟಿದ ಐನಾಫ್ ಎಂಬ ಜಾಲಕ್ಕೆ ಸೇರುತ್ತಿತ್ತು, ಈಗ ಭಾರತ್ ಪಶುಧನ್ ಎಂಬುದಕ್ಕೆ.

ನಮ್ಮ ರೈತರಿಗೆ ಕಿವಿಯೋಲೆ ಮೊದಲು ಪರಿಚಯವಾದದ್ದು ಬ್ಯಾಂಕು ಮತ್ತು ವಿಮೆಯ ಮೂಲಕ. ಸಾಲದಲ್ಲಿ ಕೊಂಡ ಹಸುವಿಗೆ ವಿಮೆ, ವಿಮೆ ಮಾಡಿಸಿದ ಹಸುವಿಗೆ ಓಲೆ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಆ ಪಾಲಿಸಿಗಳ ಶರತ್ತು. ಸತ್ತ ಹಸುವಿನ ಓಲೆಯನ್ನು ಕೈಯಲ್ಲಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿದವರ ನೆನಪಿನಲ್ಲಿ ಓಲೆ ಎಂದರೆ ಹಸುವಿನ ಗುರುತಲ್ಲ, ಸಾಲದ ಗುರುತು.

ದೊಡ್ಡ ಪ್ರಮಾಣದಲ್ಲಿ ಅದು ಕೊಟ್ಟಿಗೆಗಳನ್ನು ಹೊಕ್ಕದ್ದು ರೋಗದ ಕಾರಣಕ್ಕೆ. 2013ರಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರಕ್ಕೆ ಸಾವಿರಾರು ದನಗಳು ಸತ್ತವು. 2019ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮಥುರಾದಲ್ಲಿ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಕಾಲುಬಾಯಿ ಜ್ವರ ಮತ್ತು ಕಂದುರೋಗವನ್ನು 2030ರೊಳಗೆ ತೊಲಗಿಸುವುದು ಗುರಿ. ಯಾವ ದನಕ್ಕೆ ಲಸಿಕೆ ಆಯಿತು, ಯಾವುದಕ್ಕೆ ಬಾಕಿ ಎಂದು ತಿಳಿಯಲು ಓಲೆ ಬೇಕು. ಬ್ರಿಟನ್ನು ಕೊಲ್ಲಲು ಪಟ್ಟಿ ಹುಡುಕಿತು, ನಾವು ಚುಚ್ಚಲು ಪಟ್ಟಿ ಮಾಡಿದೆವು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನ ಎಮ್ಮೆಗಳೇ 30 ಕೋಟಿಗೂ ಮೇಲೆ. ಒಂದೊಂದು ಮನೆಯಲ್ಲಿ ಒಂದೋ ಎರಡೋ. ಅವುಗಳ ಕಿವಿಗೆ ಓಲೆ ಹಾಕುತ್ತಾ ಮನೆಮನೆ ತಿರುಗಿದ ಲಸಿಕೆದಾರರ ಕೆಲಸ ಸಣ್ಣದಲ್ಲ.

ಆದರೆ ಓಲೆ ಹೇಳುವುದು ‘ಇದು ಇಂಥ ಹಸು’ ಎಂದು. ‘ಎಲ್ಲಿಂದ ಬಂತು’ ಎಂದು ಹೇಳಲು ಅದಕ್ಕೆ ತಾನಾಗಿ ಬರುವುದಿಲ್ಲ. ಲಾಂಗ್‌ಟೌನಿನ ಪಾಠ ಇದೇ. ಮಾರಿದವನೂ ಕೊಂಡವನೂ ಇಬ್ಬರೂ ತಿಳಿಸಿದಾಗ ಮಾತ್ರ ನಂಬರು ಚರಿತ್ರೆಯಾಗುತ್ತದೆ. ನಮ್ಮ ದನದ ಸಂತೆಯಲ್ಲಿ ಸುಳಿ ನೋಡಿ, ಹಲ್ಲು ನೋಡಿ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರುತ್ತದೆ. ಆ ವ್ಯಾಪಾರದ ಅಂದವೇ ಅದು ಮೂರನೆಯವರಿಗೆ ತಿಳಿಯದಿರುವುದರಲ್ಲಿದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಅನೇಕ ಜಿಲ್ಲೆಗಳಲ್ಲಿ ಸಂತೆ, ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಯಾವ ಸಂತೆಯಿಂದ ಯಾವ ರಾಸು ಎಲ್ಲಿಗೆ ಹೋಯಿತೆಂಬ ಲೆಕ್ಕ ಸಂಜೆಯೊಳಗೆ ಸಿಗುವಂತಿದ್ದರೆ ಕೆಲವು ಸಂತೆ ನಿಲ್ಲಿಸಿ, ಉಳಿದವನ್ನು ನಡೆಸುವ ಯೋಚನೆಯನ್ನಾದರೂ ಮಾಡಬಹುದು.

ಹಾಗಾದರೆ ರೈತ ತಿಳಿಸಲಿ ಎನ್ನುವುದು ಸುಲಭ. ಅವನು ಏಕೆ ತಿಳಿಸಬೇಕು? ಇಲ್ಲಿ ಹಳೆಯ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ದನಗಳಿಗೆ ವಿಶಿಷ್ಟ ನಂಬರು ಕೊಡುವ ಶಿಫಾರಸನ್ನು ಸಲ್ಲಿಸಿತು. ಆಗ ವಿಚಾರಣೆಯಲ್ಲಿದ್ದ ವಿಷಯ ರೋಗವಲ್ಲ, ಬಾಂಗ್ಲಾದೇಶದ ಗಡಿಯಲ್ಲಿ ದನಗಳ ಕಳ್ಳಸಾಗಣೆ. ಅಹಮದಾಬಾದಿನ ಮಹಾನಗರಪಾಲಿಕೆ ಬೀದಿಗೆ ಬಿಟ್ಟ ದನಗಳಿಗೆ ರೇಡಿಯೋ ಚಿಪ್ಪನ್ನೇ ಹಾಕಿಸುತ್ತದೆ. ಉದ್ದೇಶ ಮಾಲೀಕನನ್ನು ಹುಡುಕಿ ದಂಡ ಹಾಕುವುದು. ಎಂದರೆ ಅತ್ಯಾಧುನಿಕ ಚಿಪ್ ಇಲ್ಲಿ ಕೇಳುತ್ತಿರುವುದು ಕೌಟಿಲ್ಯನ ಗೋಧ್ಯಕ್ಷ ಕೇಳುತ್ತಿದ್ದ ಪ್ರಶ್ನೆಯನ್ನೇ: ಇದು ಯಾರದು?

ಎರಡೂ ಪ್ರಶ್ನೆ ಕೇಳುವ ಹಕ್ಕು ಸಮಾಜಕ್ಕಿದೆ. ಆದರೆ ಒಂದೇ ಓಲೆ ಎರಡಕ್ಕೂ ಉತ್ತರಿಸಬೇಕಾದಾಗ ರೈತ ಎರಡನೆಯದಕ್ಕೆ ಹೆದರಿ ಮೊದಲನೆಯದಕ್ಕೂ ಬಾಯಿ ಮುಚ್ಚುತ್ತಾನೆ. ಹಾಲು ಬತ್ತಿದ ಹಸುವನ್ನು ಮಾರಿದ್ದು ಕಂಪ್ಯೂಟರಿನಲ್ಲಿ ದಾಖಲಾದರೆ ನಾಳೆ ಯಾರು ಮನೆಗೆ ಬರುತ್ತಾರೋ ಎಂದುಕೊಳ್ಳುವವನು ಮಾರಾಟವನ್ನು ಬರೆಯಿಸುವುದಿಲ್ಲ. ಆಗ ಆ ಹಸು ಕಂಪ್ಯೂಟರಿನಲ್ಲಿ ಅವನ ಕೊಟ್ಟಿಗೆಯಲ್ಲೇ ಮೇಯುತ್ತಿರುತ್ತದೆ, ನಿಜದಲ್ಲಿ ಮೂರು ಜಿಲ್ಲೆ ದಾಟಿರುತ್ತದೆ. ರೋಗ ಬಂದ ದಿನ ಅಂಥ ದಾಖಲೆ, ದಾಖಲೆ ಇಲ್ಲದಿರುವುದಕ್ಕಿಂತ ಅಪಾಯ, ಏಕೆಂದರೆ ಅಧಿಕಾರಿಗಳು ಅದನ್ನು ನಂಬಿ ತಪ್ಪು ಊರಿಗೆ ಹೋಗುತ್ತಾರೆ.

1988ರ ಬ್ರಿಟನ್ನು ಅರ್ಧ ಬೆಲೆ ಕೊಟ್ಟು ಪೂರ್ತಿ ಸತ್ಯ ಕೇಳಿತು. ಡಚ್ ಹಾಲಿನ ರೈತನಿಗೆ ಹಿಂಡಿಯಲ್ಲಿ ಲಾಭ ಕಂಡಿತು, ಅವನು ಕೇಳದೆಯೇ ಟ್ಯಾಗು ಕಟ್ಟಿದ. ಕುರಿಗಾಹಿಯ ಹೊರೆಯನ್ನು ಸಂತೆಯ ಬಾಗಿಲು ಹೊತ್ತಾಗ ಅವನ ಸಿಟ್ಟು ಇಳಿಯಿತು. ನಮ್ಮಲ್ಲಿ ಓಲೆ ತೋರಿಸಿದ ಕೂಡಲೇ ಪಶುವೈದ್ಯರು ಬರುವಂತಾದರೆ, ವಿಮೆಯ ಹಣ ವಾರದಲ್ಲಿ ಕೈಗೆ ಬಂದರೆ, ಸಂತೆಯ ಬಾಗಿಲಲ್ಲೇ ನಂಬರು ಓದಿ ಬರೆದುಕೊಳ್ಳುವವರಿದ್ದರೆ, ಲಸಿಕೆಯ ದಾಖಲೆ ಇರುವ ಹಸುವಿಗೆ ನೂರು ರೂಪಾಯಿಯಾದರೂ ಹೆಚ್ಚು ಸಿಕ್ಕಿದರೆ, ‘ನಿನ್ನ ಹಸು ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ರೈತ ತಾನಾಗಿಯೇ ಉತ್ತರ ಕೊಟ್ಟಾನು. ಅದಿಲ್ಲದೆ ಹೋದರೆ 12 ಅಂಕಿಯ ಆ ಓಲೆ ಹಸುವಿನ ಕಿವಿಯಲ್ಲಿ ಇದ್ದೇ ಇರುತ್ತದೆ, ಹೇಳಬೇಕಾದ್ದನ್ನು ಮಾತ್ರ ಹೇಳುವುದಿಲ್ಲ.